ಪಿನ್‌ಬಾಲ್ ಮೇಲೆ ನಿಂತುಹೋದ ಸ್ಕೋರು

ಲಿಫ್ಟ್ ಮೆಕ್ಯಾನಿಕ್ ತೀರಿಕೊಂಡ ಮೇಲೆ ಅವನ ನಡುಮನೆಯಲ್ಲಿ ಎರಡು ಪಿನ್‌ಬಾಲ್ ಯಂತ್ರಗಳು ಉಳಿದವು, ಒಬ್ಬ ಹೆಂಡತಿ ಉಳಿದಳು. ನೆರೆಹೊರೆಯವರು ಮೂರನ್ನೂ ಒಂದೇ ಬಗೆಯ ಗೌರವದಿಂದ ನೋಡತೊಡಗಿದರು: ಬಂದು ಎದುರಿಗೆ ಕೂರುವುದು, ನಿಟ್ಟುಸಿರು ಬಿಡುವುದು, ಮುಟ್ಟದೆ ಎದ್ದುಹೋಗುವುದು.

ಯಂತ್ರಗಳು ಹಳೆಯವು. ಪೇಟೆಯ ಆಟದ ಅಂಗಡಿ ಬಾಗಿಲು ಹಾಕಿದಾಗ ಗುಜರಿಗೆ ಹೊರಟಿದ್ದವನ್ನು ಮೆಕ್ಯಾನಿಕ್ ಕೈಗಾಡಿಯ ಮೇಲೆ ಹೇರಿಸಿಕೊಂಡು ಮನೆಗೆ ತಂದಿದ್ದ. ಒಂದು ಸರ್ಕಸ್ಸಿನದು. ಅದರ ನೆತ್ತಿಯ ಗಾಜಿನ ಮೇಲೆ ಉಯ್ಯಾಲೆಯಿಂದ ತಲೆಕೆಳಗಾಗಿ ಜೋತುಬಿದ್ದ ಹೆಂಗಸಿನ ಚಿತ್ರವಿತ್ತು; ಮೂಗಿನ ಬಣ್ಣ ಉದುರಿಹೋಗಿದ್ದರೂ ನಗುವಿಗೆ ಕೊರತೆ ಇರಲಿಲ್ಲ. ಇನ್ನೊಂದು ಸಮುದ್ರದ್ದು. ಅದು ಓಡುತ್ತಿರಲಿಲ್ಲ. ಬೆಡ್‌ಶೀಟ್ ಹೊದ್ದು ಮೂಲೆಯಲ್ಲಿ ನಿಂತು, ಕೇಳಿದಾಗಲೆಲ್ಲ ಸರ್ಕಸ್ಸಿಗೆ ಒಂದು ಸ್ಪ್ರಿಂಗನ್ನೋ ರಬ್ಬರನ್ನೋ ಬಿಟ್ಟುಕೊಡುವುದೇ ಅದರ ಕೆಲಸ. ಮೆಕ್ಯಾನಿಕ್ ಅದನ್ನು ದಾನಶೂರ ಎಂದು ಕರೆಯುತ್ತಿದ್ದ.

ಆಟ ಇಷ್ಟೇ. ಗಾಜಿನ ಕೆಳಗೆ ಇಳಿಜಾರಿನ ಹಲಗೆ. ಅದರ ಮೇಲೆ ಉಕ್ಕಿನ ಗುಂಡು ಉರುಳಿ ಬರುತ್ತದೆ. ಅದು ಕೆಳಗಿನ ಕಂಡಿಗೆ ಬೀಳದಂತೆ, ಪಕ್ಕದ ಬಟನ್ ಒತ್ತಿ, ಎರಡು ಪುಟ್ಟ ರೆಕ್ಕೆಗಳಿಂದ ಬಡಿದು ಮೇಲಕ್ಕೆ ಅಟ್ಟುತ್ತಿರಬೇಕು. ಗುಂಡು ತಾಗಿದಲ್ಲೆಲ್ಲ ಗಂಟೆ, ದೀಪ, ಪಾಯಿಂಟು. ಒಬ್ಬರಿಗೆ ಐದು ಗುಂಡು. ಸಿಟ್ಟು ಬಂದು ಯಂತ್ರವನ್ನು ಅಲ್ಲಾಡಿಸಿದರೆ ಅದು ಮುನಿಸಿಕೊಂಡು, ದೀಪ ಆರಿಸಿ, ಗುಂಡನ್ನು ನುಂಗಿ ಕೂರುತ್ತದೆ. ಸ್ಕೋರು ತೋರಿಸಲು ಹಳೇ ಕಾಲದ ಕರೆಂಟ್ ಮೀಟರಿನಲ್ಲಿರುವಂಥ ಐದು ಉರುಳೆಗಳು. ಆಟ ಮುಗಿದು ಕರೆಂಟು ತೆಗೆದರೂ ಆ ಅಂಕಿ ಹಾಗೇ ನಿಂತಿರುತ್ತದೆ. ಮುಂದೆ ಯಾರಾದರೂ ಸ್ಟಾರ್ಟ್ ಬಟನ್ ಒತ್ತಿದಾಗಲೇ ಅದು ಸೊನ್ನೆಗೆ ಹೋಗುವುದು. ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು, ಗೋಳೆಲ್ಲ ಇಲ್ಲಿಂದಲೇ ಹುಟ್ಟಿದ್ದು.

ಭಾನುವಾರ ಸಂಜೆಯಾದರೆ ಅಕ್ಕಪಕ್ಕದವರೆಲ್ಲ ಆ ನಡುಮನೆಯಲ್ಲೇ ಠಿಕಾಣಿ ಹೂಡುತ್ತಿದ್ದರು. ಎಲ್ಲರೂ ಎಂದರೆ ಮೂರು ಜನ. ಪಕ್ಕದ ಮನೆಯ ಟೈಲರ್, ಗಂಡಸರ ಕೋಟು ಹೊಲಿಯುವವನು. ಸೋತಾಗಲೆಲ್ಲ ಒಂದು ಕಣ್ಣು ಮುಚ್ಚಿ ಯಂತ್ರದ ಅಳತೆ ತೆಗೆದು, ಅದು ವಾಲಿದೆ ಎಂದು ತೀರ್ಪು ಕೊಡುತ್ತಿದ್ದ. ಎದುರು ಮನೆಯ ಬಸ್ ಡ್ರೈವರ್. ರಸ್ತೆಯ ಮೇಲೆ ತೋರಿಸಲಾಗದ ಸಿಟ್ಟನ್ನೆಲ್ಲ ಜೋಪಾನವಾಗಿ ಇಲ್ಲಿಗೆ ತಂದು ಯಂತ್ರವನ್ನು ಅಲ್ಲಾಡಿಸುತ್ತಿದ್ದ. ಮೇಲಿನ ಮನೆಯ ಲೈಬ್ರರಿಯಮ್ಮ. ಮೊದಲ ಸಲ ಗಲಾಟೆ ತಾಳಲಾರದೆ ಜಗಳಕ್ಕೆಂದೇ ಮೆಟ್ಟಿಲಿಳಿದು ಬಂದವಳು, ಒಂದು ಆಟ ಆಡಿ ನೋಡಿ ಎಂದದ್ದಕ್ಕೆ ಆಡಿದಳು, ಅಂದಿನಿಂದ ಎಲ್ಲರಿಗಿಂತ ಜೋರಾಗಿ ಕಿರುಚುವವಳು ಅವಳೇ. ವಾರವಿಡೀ ಊರವರಿಗೆಲ್ಲ ಸುಮ್ಮನಿರಿ ಎಂದು ಹೇಳಿ ಹೇಳಿ ಒಳಗೆ ಜಮೆಯಾದದ್ದನ್ನು ಎಲ್ಲಾದರೂ ಇಳಿಸಬೇಕಲ್ಲ.

ಮೆಕ್ಯಾನಿಕ್ ಈ ಮೂವರಿಗೂ ಗುರು. ಎಲ್ಲರ ಬಾಯಲ್ಲೂ ಅವನು ಅಣ್ಣ, ಅವನ ಹೆಂಡತಿ ಅತ್ತಿಗೆ. ಕೆಲಸಕ್ಕೆ ಹೊರಡುವ ಮುಂಚೆ ಒಂದು ಆಟ ಆಡದೆ ಅವನು ಮನೆ ಬಿಟ್ಟವನಲ್ಲ. ಅವನ ಜೀವಮಾನದ ದಾಖಲೆ ಅರವತ್ತೊಂದು ಸಾವಿರ. ಅದು ಬಂದ ದಿನ ಅವನು ಮೂರೂ ಮನೆಯವರನ್ನು ಎಳೆದುತಂದು ಉರುಳೆಗಳ ಮುಂದೆ ನಿಲ್ಲಿಸಿ, ಹೆಂಡತಿಗೆ ಕಾಫಿ ಮಾಡಲು ಹೇಳಿ, ಆಮೇಲೆ ಅದೇ ಕಥೆಯನ್ನು ಗುಂಡಿನ ಒಂದೊಂದು ತಿರುವೂ ಬಿಡದಂತೆ ಹಲವು ಭಾನುವಾರ ಹೇಳಿದ. ಯಾರಿಗೂ ಬೇಜಾರಾಗಲಿಲ್ಲ ಎಂದರೆ ಸುಳ್ಳಾದೀತು, ಆದರೆ ಯಾರೂ ಎದ್ದುಹೋಗಲಿಲ್ಲ.

ಹೆಂಡತಿ ದೊಡ್ಡಾಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್. ಯಂತ್ರ ಬಂದ ಹೊಸದರಲ್ಲಿ ಅವಳೂ ಒಂದು ಸಲ ಕೈಹಾಕಿದ್ದಳು. ಐದು ಗುಂಡೂ ನೆಟ್ಟಗೆ ಕಂಡಿಯ ದಾರಿ ಹಿಡಿದವು.

“ನಿಂಗೆ ಆಗಲ್ಲ ಬಿಡು. ಇದಕ್ಕೆ ಕೈ ಚುರುಕಿರಬೇಕು” ಎಂದಿದ್ದ ಗಂಡ. ಕೆಟ್ಟ ಮನಸ್ಸಿನಿಂದಲ್ಲ, ಕೆಟ್ಟ ತಿಳಿವಳಿಕೆಯಿಂದ.

ಗಂಡನ ಕೆಲಸ ಬೆಳಿಗ್ಗೆಯಿಂದ, ಅವಳ ಡ್ಯೂಟಿ ಮಧ್ಯಾಹ್ನದಿಂದ. ನಡುವಿನ ಹೊತ್ತಿನಲ್ಲಿ ಮನೆಯೊಳಗೆ ಅವಳು ಮತ್ತು ಯಂತ್ರ, ಇಬ್ಬರೇ.

ಹಠಕ್ಕೆ ಶುರುವಾದದ್ದು ಚಟವಾಯಿತು. ಇದಕ್ಕೆ ಕೈ ಚುರುಕೇ ಬೇಕಿಲ್ಲ ಎನ್ನುವುದು ಅವಳಿಗೆ ಬೇಗನೆ ಹೊಳೆಯಿತು. ಭಾನುವಾರದ ಮಂದಿ ಗುಂಡು ಕಣ್ಣಿಗೆ ಬಿದ್ದರೆ ಸಾಕು, ಎರಡೂ ರೆಕ್ಕೆಗಳನ್ನು ಪಟಪಟ ಬಡಿಯುತ್ತಾರೆ. ಅವಳು ಒಂದೇ ರೆಕ್ಕೆ ಎತ್ತಿ, ಬಟನ್ ಬಿಡದೆ ಹಾಗೇ ಹಿಡಿಯುತ್ತಿದ್ದಳು. ಗುಂಡು ಉರುಳಿ ಬಂದು ರೆಕ್ಕೆಯ ಸಂದಿಯಲ್ಲಿ ತೆಪ್ಪಗೆ ನಿಲ್ಲುತ್ತಿತ್ತು. ಆಮೇಲೆ ಮೇಲೆ ನೋಡಿ, ಎಲ್ಲಿಗೆ ಕಳಿಸಬೇಕೆಂದು ಯೋಚಿಸಿ, ಅಲ್ಲಿಗೇ ಕಳಿಸುತ್ತಿದ್ದಳು. “ಒಂದು ನಿಮಿಷ ಇರಿ” ಎಂದು ಫೋನನ್ನು ತಡೆದಿಟ್ಟುಕೊಂಡು ಸರಿಯಾದ ವಾರ್ಡಿಗೆ ದಾಟಿಸುವುದನ್ನೇ ಅವಳು ವರ್ಷಗಟ್ಟಲೆ ಮಾಡಿದ್ದು. ಗುಂಡಿಗೂ ಅದನ್ನೇ ಹೇಳಿದಳು. ಗುಂಡು ಹೊರಗಿನ ಜನರಿಗಿಂತ ಚೆನ್ನಾಗಿ ಮಾತು ಕೇಳುತ್ತಿತ್ತು.

ಎಪ್ಪತ್ತು ಸಾವಿರ ಬಂತು, ಎಂಬತ್ತು ದಾಟಿತು. ಗಂಡನಿಗೆ ಹೇಳಿಬಿಡಬಹುದಿತ್ತು. ಆದರೆ ಅರವತ್ತೊಂದು ಸಾವಿರದ ಮೇಲೆ ಅಷ್ಟು ಸುಖವಾಗಿ ಕೂತಿದ್ದವನನ್ನು ಎಬ್ಬಿಸಲು ಅವಳಿಗೆ ಮನಸ್ಸು ಬರಲಿಲ್ಲ. ಅವನೆಂದರೆ ಅವಳಿಗೆ ಪ್ರಾಣ. ಅದನ್ನು ಬಾಯಿಬಿಟ್ಟು ಹೇಳುವ ಪೈಕಿ ಅವಳಲ್ಲ, ಹೀಗಾಗಿ ಬೇರೆ ದಾರಿ ಹುಡುಕಿದಳು. ದಿನಾ ಆಟ ಮುಗಿಸಿದ ಮೇಲೆ ಮತ್ತೊಮ್ಮೆ ಸ್ಟಾರ್ಟ್ ಒತ್ತಿ, ಕೈಕಟ್ಟಿ ನಿಂತು, ಐದೂ ಗುಂಡು ತಾವಾಗಿ ಬಿದ್ದುಹೋಗಲು ಬಿಡುತ್ತಿದ್ದಳು. ಉರುಳೆಗಳ ಮೇಲೆ ಒಂದು ದರಿದ್ರ ಅಂಕಿ ನಿಲ್ಲುತ್ತಿತ್ತು. ಬೆಳಿಗ್ಗೆ ತಾನು ಬಿಟ್ಟುಹೋದ ಅಂಕಿಯೇ ಬೇರೆ, ಸಂಜೆ ಕಾಣುತ್ತಿರುವುದೇ ಬೇರೆ ಎಂದು ಗಂಡನಿಗೆ ಎಂದೂ ಅನ್ನಿಸಲಿಲ್ಲ. ಕೆಟ್ಟ ಸ್ಕೋರನ್ನು ಯಾರು ತಾನೇ ನೆನಪಿಟ್ಟುಕೊಳ್ಳುತ್ತಾರೆ?

ಆ ದಿನ ಅವಳ ಐದನೆಯ ಗುಂಡು ಬಿದ್ದಾಗ ಉರುಳೆಗಳ ಮೇಲೆ ತೊಂಬತ್ತೆಂಟು ಸಾವಿರದ ಆರುನೂರ ನಲವತ್ತು ನಿಂತಿತ್ತು. ಅಷ್ಟು ಹಿಂದೆಂದೂ ಬಂದಿರಲಿಲ್ಲ. ಅವಳು ಒಬ್ಬಳೇ ನಕ್ಕಳು. ಇನ್ನೂ ಸ್ವಲ್ಪ ಹೊತ್ತು ನೋಡಿ ಆಮೇಲೆ ಅಳಿಸೋಣ ಎಂದುಕೊಂಡಳು. ಅಷ್ಟರಲ್ಲಿ ಫೋನ್ ಬಂತು.

ಲಿಫ್ಟ್ ಕಂಪನಿಯ ಮ್ಯಾನೇಜರು. ಮಾತಾಡುವ ಮುಂಚೆ ಅವನು ಒಂದು ಉಸಿರು ಎಳೆದುಕೊಂಡ. ಅಂಥ ಉಸಿರಿನ ಫೋನುಗಳನ್ನು ಅವಳು ಎಷ್ಟೋ ಮನೆಗಳಿಗೆ ದಾಟಿಸಿದ್ದಳು, ಅದರ ಹಿಂದೆ ಏನಿರುತ್ತದೆ ಎಂದು ಹೇಳಿಕೊಡಬೇಕಾಗಿರಲಿಲ್ಲ. “ಒಂದು ನಿಮಿಷ ಇರಿ” ಎಂದಳು, ರೂಢಿಯಂತೆ. ದಾಟಿಸಲು ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳೇ ಕೇಳಬೇಕಾಯಿತು.

ಲಿಫ್ಟಿನ ದುರಸ್ತಿ ಮುಗಿಸಿ, ಕೈ ತೊಳೆದು, ಎದೆ ಹಿಡಿದುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತವನು ಏಳಲಿಲ್ಲವಂತೆ.

ಮನೆ ತುಂಬ ಜನ ಸೇರಿದಾಗ ಮೊದಲು ಉರುಳೆಗಳ ಕಡೆ ನೋಡಿದ್ದು ಬಸ್ ಡ್ರೈವರ್. “ನೋಡ್ರೋ ಇಲ್ಲಿ” ಎಂದ. “ಬೆಳಿಗ್ಗೆ ಆಡಿಬಿಟ್ಟು ಹೋಗಿದಾನೆ ನಮ್ಮಣ್ಣ. ತೊಂಬತ್ತೆಂಟು!” ಆಮೇಲೆ ಗಟ್ಟಿಯಾಗಿ ಅತ್ತುಬಿಟ್ಟ. ಟೈಲರ್ ಟೇಪು ಕೊರಳಲ್ಲಿದ್ದ ಹಾಗೇ ಓಡಿ ಬಂದಿದ್ದ, ಅದರ ತುದಿಯಿಂದ ಕಣ್ಣೊರೆಸಿಕೊಂಡ. ಕೊನೆಯ ಆಟದಲ್ಲಿ ಇಂಥ ಸ್ಕೋರು, ಗೊತ್ತಾಗಿತ್ತೋ ಏನೋ, ಪುಣ್ಯಾತ್ಮ ಎಂದು ಎಲ್ಲರೂ ಹೇಳಿದರು. ಅವಳು ಗೋಡೆಗೆ ಒರಗಿ ಕೂತಿದ್ದಳು. ಅಲ್ಲ, ಅದು ನನ್ನದು ಎಂದು ಎದ್ದು ಹೇಳುವ ಸಮಯ ಅದಾಗಿರಲಿಲ್ಲ.

ಆ ಸಮಯ ಮತ್ತೆ ಬರಲೂ ಇಲ್ಲ. ಭಾನುವಾರಗಳು ಬಂದವು. ಮೂವರೂ ತಪ್ಪದೆ ಬರುತ್ತಿದ್ದರು, ಸರ್ಕಸ್ಸಿನ ಎದುರು ಸಾಲಾಗಿ ಕೂರುತ್ತಿದ್ದರು, ಅಂಕಿಯನ್ನು ನೋಡುತ್ತಿದ್ದರು. ಆಟದ ಮಾತೇ ಇಲ್ಲ. ಸ್ಟಾರ್ಟ್ ಒತ್ತಿದರೆ ಅಣ್ಣನ ಕೊನೆಯ ಸ್ಕೋರು ಅಳಿಸಿಹೋಗುತ್ತದಲ್ಲ, ಆ ಪಾಪ ಯಾರು ಕಟ್ಟಿಕೊಳ್ಳುತ್ತಾರೆ? ಲೈಬ್ರರಿಯಮ್ಮ ಇಲ್ಲೂ ಪಿಸುಮಾತಿಗೆ ಇಳಿದಳು. ನಿಮ್ಮ ಕಾಲು ನೋವು ಹೇಗಿದೆ, ಪರವಾಗಿಲ್ಲ, ಮೊನ್ನೆ ನೀರು ಬಂತಾ, ಬಂತು. ಇಷ್ಟು ಮುಗಿದರೆ ಮತ್ತೆ ಅಂಕಿ ನೋಡುವುದು. ಹೀಗೆ ಕೂತವರ ನಡುವೆ ಅವಳಿಗೆ ಗಂಡ ವಾರವಾರವೂ ಒಂದಿಷ್ಟು ಸಾಯುತ್ತಿರುವ ಹಾಗೆ ಅನ್ನಿಸುತ್ತಿತ್ತು. ಅವನು ಇದ್ದಾಗ ಈ ಮನೆ ಗಂಟೆ ಬಾರಿಸುತ್ತಿತ್ತು, ಜನ ಜಗಳವಾಡುತ್ತಿದ್ದರು. ಅವಳಿಗೆ ಆ ಸದ್ದು ಬೇಕಾಗಿತ್ತು. ಬೇರೆ ಏನೂ ಬೇಕಾಗಿರಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಟೈಲರ್ ಕಂಕುಳಲ್ಲಿ ದೊಡ್ಡದೊಂದು ಗಂಟು ಹಿಡಿದುಕೊಂಡು ಬಂದ. ಬಿಚ್ಚಿದರೆ ಕಡು ನೀಲಿ ಮಖಮಲ್ಲಿನ ಹೊದಿಕೆ. ಸರ್ಕಸ್ಸಿನ ಮೈಗೆ ಕೋಟಿನಂತೆ ಕೂತಿತು. ಕಾಲುಗಳಿಗೆ ಬೇರೆ, ಬೆನ್ನಿಗೆ ಬೇರೆ ಕತ್ತರಿಸಿ ಹೊಲಿದಿದ್ದ. ಉರುಳೆಗಳ ಜಾಗಕ್ಕೆ ಸರಿಯಾಗಿ ಒಂದು ಕಿಟಕಿ, ಸುತ್ತ ಕಾಜಾ ಹೊಲಿಗೆ. ಮಖಮಲ್ಲಿನೊಳಗಿಂದ ತೊಂಬತ್ತೆಂಟು ಸಾವಿರದ ಆರುನೂರ ನಲವತ್ತು ಮಾತ್ರ ಹೊರಗೆ ಇಣುಕುತ್ತಿತ್ತು.

“ಧೂಳು ಕೂರಲ್ಲ” ಎಂದ ಟೈಲರ್. “ಒಳಗೆ ಲೈನಿಂಗ್ ಕೂಡ ಕೊಟ್ಟಿದೀನಿ.”

ಲೈಬ್ರರಿಯಮ್ಮ ಚೀಲದಿಂದ ರಟ್ಟಿನ ಫಲಕವೊಂದನ್ನು ತೆಗೆದು ಕಿಟಕಿಯ ಕೆಳಗೆ ಪಿನ್ ಮಾಡಿದಳು. ಮುಟ್ಟಬಾರದು ಎಂದು ದುಂಡಗೆ ಬರೆದಿತ್ತು. ಡ್ರೈವರ್ ಗಂಟಲು ಸರಿಮಾಡಿಕೊಂಡ. ಅವನು ಸಿಟ್ಟಿಲ್ಲದೆ ಮಾತಾಡುವುದು ಅಪರೂಪ, ಹಾಗಾಗಿ ತಡವರಿಸಿದ.

“ಅತ್ತಿಗೆ, ನಾವೆಲ್ಲ ಮಾತಾಡ್ಕೊಂಡ್ವಿ. ಪ್ರತಿ ವಾರ ಬಂದು ನಿಮ್ಮ ದುಃಖ ಕೆದಕೋದು ಬೇಡ ಅಂತ. ಬರೋ ಭಾನುವಾರದಿಂದ ಟೈಲರ್ ಮನೇಲಿ ಸೇರ್ತೀವಿ. ಅಲ್ಲಿ ಟೀವಿ ಇದೆ. ನೀವು ನೆಮ್ಮದಿಯಾಗಿರಿ.”

ಅವಳಿಗೆ ಹೆದರಿಕೆಯಾಯಿತು. ಗಂಡ ಹೋದ ದಿನವೂ ಹೀಗೆ ಹೆದರಿರಲಿಲ್ಲ. ಆಗ ಹೆದರಲು ಪುರಸೊತ್ತೇ ಇರಲಿಲ್ಲ. ಈ ಮೂವರೂ ಬಾಗಿಲು ದಾಟಿ ಹೋದರೆ ಮುಂದೆ ಈ ಮನೆಯೊಳಗೆ ಮಖಮಲ್ಲು ಹೊದ್ದ ಒಂದು ಯಂತ್ರ, ಬೆಡ್‌ಶೀಟ್ ಹೊದ್ದ ಒಂದು ಯಂತ್ರ, ಸೀರೆ ಉಟ್ಟ ತಾನು. ಸಾಲು ಪೂರ್ತಿಯಾಗುತ್ತದೆ.

“ಆ ಸ್ಕೋರು ಅವರದ್ದಲ್ಲ” ಎಂದಳು. “ನಾನು ಆಡಿದ್ದು.”

ಮೂವರೂ ಮುಖ ಮುಖ ನೋಡಿಕೊಂಡರು. ಲೈಬ್ರರಿಯಮ್ಮ ಬಂದು ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು.

“ಆಗುತ್ತೆ” ಎಂದಳು ಮೆಲ್ಲಗೆ. “ನಮ್ಮಪ್ಪ ಹೋದ ಮೇಲೆ ನಮ್ಮಮ್ಮನೂ ಹಿಂಗೇ. ಮನೆ ಹೆಂಚು ಹಾಕಿದ್ದು ನಾನೇ ಅಂತ ಬಂದೋರಿಗೆಲ್ಲ ಹೇಳ್ತಿದ್ರು. ಏಣಿ ಹತ್ತಿದೋರೇ ಅಲ್ಲ.”

“ನಾನು ದಿನಾ ಬೆಳಿಗ್ಗೆ ಆಡಿ, ಆಮೇಲೆ ಅಳಿಸ್ತಿದ್ದೆ. ಅವರಿಗೆ ಗೊತ್ತಿರಲಿಲ್ಲ.”

“ಹೌದು ಹೌದು” ಎಂದ ಟೈಲರ್, ಗಿರಾಕಿಯ ಹೊಟ್ಟೆ ಹೆಚ್ಚಾದದ್ದನ್ನು ಗಿರಾಕಿಗೆ ಹೇಳದವನ ದನಿಯಲ್ಲಿ. “ಅತ್ತಿಗೆ, ಸ್ವಲ್ಪ ನೀರು ಕುಡೀರಿ.”

ಅವಳು ನೀರು ಕುಡಿಯಲಿಲ್ಲ. ಎದ್ದಳು. ಪಿನ್ ಕಿತ್ತು ಫಲಕವನ್ನು ಲೈಬ್ರರಿಯಮ್ಮನ ಮಡಿಲಿಗೆ ಹಾಕಿದಳು. ಮಖಮಲ್ಲನ್ನು ಎರಡೂ ಕೈಯಿಂದ ಎಳೆದಳು. ಅಳತೆ ಅಷ್ಟು ಕರಾರುವಾಕ್ಕಾಗಿತ್ತು, ಅದು ಸುಲಭಕ್ಕೆ ಬರಲಿಲ್ಲ. ಎಲ್ಲೋ ಒಂದು ಕಡೆ ಹೊಲಿಗೆ ಬಿಟ್ಟ ಸದ್ದು ಬಂತು, ಟೈಲರ್ ತನ್ನದೇ ಚರ್ಮ ಹರಿದ ಹಾಗೆ ಮುಖ ಕಿವುಚಿದ. ಅವಳು ಪ್ಲಗ್ ಹಾಕಿದಳು. ಉಯ್ಯಾಲೆಯ ಹೆಂಗಸು ಬೆಳಗಿದಳು.

“ಅತ್ತಿಗೆ, ಬೇಡ!” ಡ್ರೈವರ್ ಅರ್ಧ ಎದ್ದಿದ್ದ. “ಅಣ್ಣಂದು ಅದೊಂದೇ ಉಳಿದಿರೋದು!”

ಅವಳು ಸ್ಟಾರ್ಟ್ ಒತ್ತಿದಳು.

ಟರ್ರೆಂದು ಐದು ಉರುಳೆಗಳೂ ತಿರುಗಿ ಸೊನ್ನೆಗೆ ಬಂದು ನಿಂತವು. ಲೈಬ್ರರಿಯಮ್ಮ ಬಾಯಿ ಮುಚ್ಚಿಕೊಂಡಳು. ಟೈಲರ್ ಗೋಡೆಯ ಕಡೆ ತಿರುಗಿದ.

ಮೊದಲ ಗುಂಡು ಕಂಡಿಗೆ ನೆಟ್ಟಗೆ ಹೋಯಿತು. ತಿಂಗಳುಗಟ್ಟಲೆ ಬಟನ್ ಮುಟ್ಟದ ಬೆರಳುಗಳು. ಎರಡನೆಯದು ಒಂದೆರಡು ಗಂಟೆ ಬಾರಿಸಿ ಅದರ ಹಿಂದೆಯೇ ಹೋಯಿತು. ಹಿಂದಿನಿಂದ ಯಾರೋ ನಿಟ್ಟುಸಿರು ಬಿಟ್ಟರು. ಆ ನಿಟ್ಟುಸಿರು ಕೇಳಿ ಅವಳಿಗೆ ರೇಗಿಹೋಯಿತು, ಅದು ಒಳ್ಳೆಯದೇ ಆಯಿತು. ಮೂರನೆಯ ಗುಂಡು ಬಂದಾಗ ಎಡ ರೆಕ್ಕೆ ಎತ್ತಿ ಹಿಡಿದಳು. ಗುಂಡು ಉರುಳಿ ಬಂದು ಸಂದಿಯಲ್ಲಿ ನಿಂತಿತು. ಒಂದು ನಿಮಿಷ ಇರಿ. ಮೇಲೆ ನೋಡಿದಳು, ಬಲಗಡೆಯ ಮೂಲೆ ಖಾಲಿ ಇತ್ತು, ಅಲ್ಲಿಗೆ ದಾಟಿಸಿದಳು. ಗಂಟೆ ಬಡಿಯಿತು. ಗುಂಡು ಇಳಿದು ಬಂತು, ಮತ್ತೆ ತಡೆದು ನಿಲ್ಲಿಸಿದಳು, ಮತ್ತೆ ಕಳಿಸಿದಳು.

“ಇದೇನಿದು, ನಿಲ್ಲಿಸ್ಕೋತಾರೆ!” ಎಂದ ಡ್ರೈವರ್. “ಗುಂಡನ್ನ ನಿಲ್ಲಿಸ್ಕೋಬಹುದಾ?”

ಟೈಲರ್ ಗೋಡೆಯಿಂದ ಈ ಕಡೆ ತಿರುಗಿದ. ಇಷ್ಟು ವರ್ಷ ಈ ಮೂವರೂ ಗುರುವೂ ಸೇರಿ ರೆಕ್ಕೆ ಬಡಿದದ್ದೇ ಬಡಿದದ್ದು, ನಿಲ್ಲಿಸಬಹುದು ಎಂಬ ವಿಚಾರ ಯಾರ ತಲೆಗೂ ಬಂದಿರಲಿಲ್ಲ.

ಮೂರನೆಯ ಗುಂಡು ಮುಗಿದಾಗ ನಲವತ್ತು ಸಾವಿರ ಚಿಲ್ಲರೆ. ನಾಲ್ಕನೆಯದರಲ್ಲಿ ಅರವತ್ತೊಂದು ದಾಟಿತು. ಆಗ ಲೈಬ್ರರಿಯಮ್ಮ ಕಿರುಚಿದಳು. ಎಷ್ಟೋ ಭಾನುವಾರಗಳ ಪಿಸುಮಾತು ಒಟ್ಟಿಗೆ ಹೊರಬಂದ ಹಾಗಿತ್ತು, ಕಿಟಕಿಯ ಗಾಜು ಅದುರಿತು. ಐದನೆಯ ಗುಂಡಿಗೆ ಮೂವರೂ ಎದ್ದು ಅವಳ ಬೆನ್ನಿಗೇ ಬಂದು ನಿಂತಿದ್ದರು. ಡ್ರೈವರಿನ ಉಸಿರು ಅವಳ ಕಿವಿಗೆ ಬಡಿಯುತ್ತಿತ್ತು. ತೊಂಬತ್ತು. ತೊಂಬತ್ತೈದು. ತೊಂಬತ್ತೆಂಟು ಸಾವಿರದ ಆರುನೂರ ನಲವತ್ತು ಬಂತು, ಹೋಯಿತು, ಯಾರಿಂದಲೂ ತಡೆಯಲಾಗಲಿಲ್ಲ. ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತು. ಆಮೇಲೆ ಐದು ಉರುಳೆಗಳೂ ಒಟ್ಟಿಗೆ ತಿರುಗಿ ಮತ್ತೆ ಸೊನ್ನೆಯಾದವು.

ಲಕ್ಷ ತೋರಿಸಲು ಆ ಯಂತ್ರದಲ್ಲಿ ಆರನೆಯ ಉರುಳೆ ಇರಲಿಲ್ಲ. ಅದಕ್ಕಾಗಿ ಗಾಜಿನ ಹಿಂದೆ ಒಂದು ಬಲ್ಬ್ ಇತ್ತು, ಅದು ಎಂದೋ ಸುಟ್ಟುಹೋಗಿತ್ತು. ಒಂದೊಂದು ತಂತಿಯನ್ನೂ ಮಗುವಿನಂತೆ ನೋಡಿಕೊಂಡಿದ್ದ ಮೆಕ್ಯಾನಿಕ್ ಆ ಬಲ್ಬನ್ನು ಮಾತ್ರ ಬದಲಾಯಿಸಿರಲಿಲ್ಲ. ಅದು ಬೇಕಾಗುವ ಸಂದರ್ಭ ಈ ಮನೆಯಲ್ಲಿ ಬರುತ್ತದೆಂದು ಅವನಿಗೆ ಅನ್ನಿಸಿರಲಿಲ್ಲ. ಗುಂಡು ಇನ್ನೊಂದಿಷ್ಟು ಹೊತ್ತು ಓಡಾಡಿ ಕೊನೆಗೆ ಬಿತ್ತು. ಆಟ ಮುಗಿಯಿತು. ಉರುಳೆಗಳ ಮೇಲೆ ಮೂರು ಸಾವಿರದ ನೂರ ನಲವತ್ತು ಎಂದಿತ್ತು.

“ಹೊರಗಿನಿಂದ ಬಂದೋರು ಯಾರಾದ್ರೂ ನೋಡಿದ್ರೆ” ಎಂದ ಟೈಲರ್, “ಪಾಪ, ಆಡೋಕೆ ಬರಲ್ಲ ಅಂದ್ಕೋತಾರೆ.”

ಡ್ರೈವರ್ ಅವಳ ಮುಖ ನೋಡದೆ ಕೇಳಿದ: “ಹಂಗಾದ್ರೆ ಅತ್ತಿಗೆ, ಇಷ್ಟು ದಿನ ನಾವು ಅತ್ತಿದ್ದು ನಿಮ್ಮ ಸ್ಕೋರು ನೋಡ್ಕೊಂಡಾ?”

“ಹೂಂ.”

“ಅವತ್ತೇ ಯಾಕೆ ಅಳಿಸಲಿಲ್ಲ? ದಿನಾ ಅಳಿಸ್ತಿದ್ರಲ್ಲ.”

ಅವಳು ಯಂತ್ರದ ಗಾಜಿನ ಮೇಲೆ ಅಂಗೈ ಊರಿಕೊಂಡು ನಿಂತಿದ್ದಳು. ಗಾಜು ದೀಪಗಳ ಕಾವಿಗೆ ಬೆಚ್ಚಗಿತ್ತು.

“ಅವತ್ತು ಆ ಅಂಕಿ ಏರ್ತಾ ಇದ್ದಾಗ ನಾನು ಗಂಡ ಇರೋ ಹೆಂಗಸು” ಎಂದಳು. “ಸಂಜೆ ಅವರ ಅಂಗಿ ಗುಂಡಿ ಹೊಲೀಬೇಕು ಅಂತ ನೆನೆಸ್ಕೊಂಡು ಆಡ್ತಿದ್ದೆ. ಆಮೇಲೆ ಫೋನ್ ಬಂತು. ಆ ಅಂಕಿ ಇರೋ ತನಕ ಆ ಬೆಳಿಗ್ಗೆ ಇನ್ನೂ ಮುಗಿದಿಲ್ಲ ಅನ್ನಿಸ್ತಿತ್ತು. ನಿಮ್ಮ ಹಂಗೇ ನಾನೂ ಮುಟ್ಟಲಿಲ್ಲ.”

ಲೈಬ್ರರಿಯಮ್ಮ ಫಲಕವನ್ನು ಅಂಗೈಯಲ್ಲಿ ತಿರುಗಿಸುತ್ತಿದ್ದಳು. “ಮತ್ತೆ ಇವತ್ತು?”

“ಅಳಿಸದೆ ಇಟ್ಕೊಂಡ್ರೂ ಅವರು ಬರಲಿಲ್ಲ. ಈಗ ನೀವೂ ಬರಲ್ಲ ಅಂದ್ರಿ.”

ಡ್ರೈವರ್ ಅಂಗೈಯಿಂದ ಮುಖ ಉಜ್ಜಿಕೊಂಡ. ಟೈಲರ್ ಬಗ್ಗಿ ನೆಲದ ಮೇಲಿದ್ದ ಮಖಮಲ್ಲನ್ನು ಎತ್ತಿ, ಕೊಡವಿ, ಮಡಿಸಿ, ಮೂಲೆಯ ದಾನಶೂರನ ಮೇಲಿಟ್ಟ. ಆಮೇಲೆ ತೋಳು ಮಡಚಿಕೊಂಡು ಬಂದು, ಅವಳು ಸರಿದು ಜಾಗ ಬಿಡುವುದನ್ನು ಕಾದು, ಸ್ಟಾರ್ಟ್ ಒತ್ತಿದ. ಮೂರು ಸಾವಿರದ ನೂರ ನಲವತ್ತು ಉರುಳಿ ಸೊನ್ನೆಯಾಯಿತು. ಅದರ ಕಡೆ ಯಾರೂ ನೋಡಲಿಲ್ಲ.

“ಟೈಲರ್ ಆದ್ಮೇಲೆ ಯಾರು?” ಎಂದ ಡ್ರೈವರ್.

“ನಾನು” ಎಂದಳು ಅವಳು.